ಸಹಾಯ ಬೇಕು: ನೆರೆ ಪರಿಹಾರ ಕೇಂದ್ರಗಳಲ್ಲಿ ಕೆಲಸ ಮಾಡಿದವರು ಇದ್ದೀರಾ?

ನಮಸ್ಕಾರ. ಬೆಂಗಳೂರಿನಲ್ಲಿ ಮಾನವಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೇನೆ. ವಿಷಯ, ನೆರವಿನ ಕೆಲಸದಲ್ಲಿ ನಡೆಯುವ ಲೈಂಗಿಕ ದುರ್ವರ್ತನೆ. 2010ರ ಭೂಕಂಪದ ನಂತರ ಹೈಟಿಯಲ್ಲಿ ಆಕ್ಸ್‌ಫ್ಯಾಮ್ ಎಂಬ ಬ್ರಿಟಿಷ್ ನೆರವು ಸಂಸ್ಥೆಯ ಕೆಲವು ಸಿಬ್ಬಂದಿ ನಡೆದುಕೊಂಡ ರೀತಿ ಜಗತ್ತಿಗೆ ಪೂರ್ತಿ ಗೊತ್ತಾಗಿದ್ದು 2018ರಲ್ಲಿ. ರೇಷನ್ ಚೀಟಿ ಹಂಚೋದು ಯಾರ ಕೈಯಲ್ಲಿದೆಯೋ ಅವರ ಮೇಲೆಯೇ ದೂರು ಕೊಡೋದು ಸುಲಭ ಅಲ್ಲ, ಅಲ್ವಾ?

2018ರ ಕೊಡಗು, 2019ರ ಬೆಳಗಾವಿ ನೆರೆಗೆ ಇಲ್ಲಿಂದ ಹೋಗಿದ್ದ ಸ್ವಯಂಸೇವಕರು ನನ್ನ ಜೊತೆ ಮಾತಾಡುತ್ತೀರಾ? ನೆರವು ಪಡೆಯುವವರ ಪಟ್ಟಿಗೆ ಹೆಸರು ಸೇರಿಸುತ್ತಿದ್ದವರು ಯಾರು, ಬಚ್ಚಲಿಗೆ ಚಿಲಕ ಇತ್ತಾ, ರಾತ್ರಿ ಪಾಳಿಯಲ್ಲಿ ಹೆಂಗಸರು ಇದ್ದರಾ? ಇಂಥ ಸಣ್ಣ ವಿವರಗಳೇ ನನಗೆ ಜಾಸ್ತಿ ಮುಖ್ಯ.

ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಸಂಸ್ಥೆಗಳಲ್ಲಿರುವ, ದೂರು ವಿಚಾರಿಸುವ ಆಂತರಿಕ ಸಮಿತಿಯಲ್ಲಿ ಕೂತವರು ಸಿಕ್ಕರಂತೂ ದೊಡ್ಡ ಉಪಕಾರ. ನೊಂದವರ ಹೆಸರು ಖಂಡಿತ ಬೇಡ. ಘಟನೆಗಳನ್ನು ಇಲ್ಲಿ ಎಲ್ಲರೆದುರು ಬರೆಯಬೇಡಿ, ದಯವಿಟ್ಟು ಇನ್‌ಬಾಕ್ಸ್‌ಗೆ ಬನ್ನಿ.