ಫೈಟ್‌ಗೆ ಮುಂಚೆ ಎದುರಾಳಿಯನ್ನ ಕೆಣಕಲೇಬೇಕಾ? ತಮ್ಮನಿಗಾಗಿ ಕೇಳ್ತಿದೀನಿ

ನನ್ನ ತಮ್ಮ ಅಮೆಚೂರ್ ಬಾಕ್ಸಿಂಗ್ ಬಿಟ್ಟು ಪ್ರೊಫೆಷನಲ್ ಆಗಿದ್ದಾನೆ. ಸ್ವಭಾವ ಸಾಧು, ರಿಂಗ್‌ನಲ್ಲಿ ಮಾತ್ರ ಹುಲಿ. ಫೈಟ್ ನಡೆಸೋರು "ವೇ-ಇನ್ (ಫೈಟ್‌ಗೆ ಮುಂಚೆ ತೂಕ ನೋಡೋದು) ದಿನ ಎದುರಾಳಿಯನ್ನ ಚೆನ್ನಾಗಿ ಬೈಯಿ, ವಿಡಿಯೋ ಓಡಬೇಕು, ಟಿಕೆಟ್ ಹೋಗಬೇಕು" ಅಂತ ಒತ್ತಾಯ ಮಾಡ್ತಿದ್ದಾರೆ. ಅವನಿಗೆ ಇಷ್ಟ ಇಲ್ಲ. ಗೊತ್ತಿರೋರು ಹೇಳಿ.

ಕೋಚ್ ಒಬ್ಬರು:
ಅಕ್ಕ, ನಾನು ಬಹಳ ಹುಡುಗರ ಕಾರ್ನರ್‌ನಲ್ಲಿ ನಿಂತವನು. ವೇ-ಇನ್ ಹೊತ್ತಿಗೆ ತೂಕ ಇಳಿಸೋಕೆ ನೀರು ಬಿಟ್ಟು ಒಣಗಿರ್ತಾರೆ. ತುಟಿ ಬಿರಿದಿರುತ್ತೆ, ನಾಲಿಗೆ ಅಂಗುಳಕ್ಕೆ ಅಂಟಿರುತ್ತೆ. ಸ್ಕೇಲ್‌ನಿಂದ ಇಳಿದು ಒಂದು ಗುಟುಕು ಓಆರ್‌ಎಸ್ ಕುಡಿಯೋಕೂ ಬಿಡದೆ ಮೈಕ್ ಹಿಡೀತಾರೆ. ಆಗ ಬಾಯಿಗೆ ಬಂದದ್ದೆಲ್ಲ ಆಡಿಬಿಡ್ತಾರೆ. ಅದಕ್ಕೇ ಎರಡೇ ಮಾತು ಮೊದಲೇ ಬಾಯಿಪಾಠ ಮಾಡಿಸ್ತೀನಿ, ಎರಡೂ ರಿಂಗ್ ಒಳಗಿನವು. "ಜ್ಯಾಬ್ (ಮುಂದಿನ ಕೈಯಿಂದ ನೇರ ಪಂಚ್) ಹೊಡೆದಾಗಲೆಲ್ಲ ಅವನ ಕೈ ಕೆಳಗಿಳಿಯುತ್ತೆ, ನಾನು ಅದಕ್ಕೇ ಕಾಯ್ತಿದೀನಿ" ಅನ್ನೋ ಥರ. ತೊಡೆ ತಟ್ಟಿ ಕರೆಯೋದರಲ್ಲಿ ತಪ್ಪಿಲ್ಲ. ಅವನ ತಾಯಿ, ಜಾತಿ, ಬಣ್ಣ, ಖಾಸಗಿ ಬದುಕಿಗೆ ಮಾತ್ರ ಕೈ ಹಾಕಬಾರದು.

1962ರ ಮಾರ್ಚ್ 24, ನ್ಯೂಯಾರ್ಕ್. ವೇ-ಇನ್‌ನಲ್ಲಿ ಬಾಕ್ಸರ್ ಬೆನ್ನಿ ಪ್ಯಾರೆಟ್, ತನ್ನ ಎದುರಾಳಿ ಎಮಿಲ್ ಗ್ರಿಫಿತ್‌ನನ್ನು ಸಲಿಂಗಕಾಮಿಗಳನ್ನು ಹೀಯಾಳಿಸುವ ಸ್ಪ್ಯಾನಿಷ್ ಬೈಗುಳದಿಂದ ಕರೆದ. ರಾತ್ರಿ 12ನೇ ರೌಂಡ್‌ನಲ್ಲಿ ಗ್ರಿಫಿತ್ ಅವನನ್ನು ಮೂಲೆಗೆ ಒತ್ತಿ ಹೊಡೆದೇ ಹೊಡೆದ. ಪ್ಯಾರೆಟ್ ಪ್ರಜ್ಞೆ ತಪ್ಪಿದವನು ಏಪ್ರಿಲ್ 3ರಂದು ತೀರಿಕೊಂಡ. ಆ ಮಾತೊಂದೇ ಕಾರಣ ಅನ್ನಲ್ಲ. ಪ್ಯಾರೆಟ್ ಹಿಂದಿನ ಫೈಟ್‌ನಲ್ಲೂ ಬಹಳ ಏಟು ತಿಂದಿದ್ದ, ರೆಫರಿ ನಿಲ್ಲಿಸೋದು ತಡವಾಯ್ತು. ಆದರೂ ನನ್ನ ಹುಡುಗರಿಗೆಲ್ಲ ಈ ಕಥೆ ಹೇಳಿಯೇ ಹೇಳ್ತೀನಿ.

ಹಳೇ ಬಾಕ್ಸಿಂಗ್ ಅಭಿಮಾನಿ:
ಕೆಣಕೋ ಮಾತು ಬಂದರೆ ಎಲ್ಲರೂ ಮುಹಮ್ಮದ್ ಅಲಿ ಹೆಸರು ತೆಗೀತಾರೆ, ನಿಮಗೂ ಹೇಳಿರ್ತಾರೆ. 1961ರಲ್ಲಿ ಲಾಸ್ ವೇಗಸ್‌ನಲ್ಲಿ ಗಾರ್ಜಿಯಸ್ ಜಾರ್ಜ್ ಅನ್ನೋ ಕುಸ್ತಿಪಟುವನ್ನ ನೋಡಿ ಅಲಿ (ಆಗಿನ್ನೂ ಕ್ಯಾಸಿಯಸ್ ಕ್ಲೇ) ಈ ವಿದ್ಯೆ ಹಿಡಿದ: ಬಡಾಯಿ ಕೊಚ್ಚೋನು ಸೋಲೋದನ್ನ ನೋಡೋಕಾದರೂ ಜನ ದುಡ್ಡು ಕೊಟ್ಟು ಬರ್ತಾರೆ. ಮರುವರ್ಷ ಆರ್ಚಿ ಮೂರ್‌ನನ್ನು ನಾಲ್ಕನೇ ರೌಂಡ್‌ನಲ್ಲಿ ಕೆಡವ್ತೀನಿ ಅಂದ, ಕೆಡವಿದ. ಹೇಳಿದ್ದನ್ನ ಮಾಡಿ ತೋರಿಸೋ ಕೈ ಇತ್ತು. ಆದರೆ ಅಬ್ಬರ ಮಾಡಿದರೆ ಟಿಕೆಟ್ ಹೋಗುತ್ತೆ ಅನ್ನೋದು ಅಷ್ಟು ನಿಜವಲ್ಲ. 1964ರಲ್ಲಿ ಸನ್ನಿ ಲಿಸ್ಟನ್ ಜೊತೆಗಿನ ಫೈಟ್‌ಗೆ ಅಷ್ಟೆಲ್ಲ ಕೂಗಾಡಿ 2,500 ಡಾಲರ್ ದಂಡ ಬೇರೆ ಬಿತ್ತು. ಆದರೂ ಮಯಾಮಿ ಬೀಚ್‌ನ ಹಾಲ್ ಅರ್ಧದಷ್ಟು ಖಾಲಿ, ಪ್ರಮೋಟರ್ ಕೈ ಸುಟ್ಟುಕೊಂಡರು.

ಅಲಿಯ ಎದುರಾಳಿ ಜೋ ಫ್ರೇಜಿಯರ್ ವಿಷಯ ನನಗೆ ಇವತ್ತಿಗೂ ಸಂಕಟ. ಅಲಿಯ ಬಾಕ್ಸಿಂಗ್ ಲೈಸೆನ್ಸ್ ಹೋಗಿದ್ದ ಕಾಲದಲ್ಲಿ ಅಲಿ ಪರವಾಗಿ ನಿಂತವನು ಆತ. ಅವನನ್ನೇ ಅಲಿ ಬಿಳಿಯರ ಗುಲಾಮ ಅಂದ, 1975ರ ಮನಿಲಾ ಫೈಟ್‌ಗೆ ಮುಂಚೆ ಗೊರಿಲ್ಲಾ ಅಂದ. 2001ರಲ್ಲಿ ಅಲಿ ಪತ್ರಿಕೆಯಲ್ಲಿ ಕ್ಷಮೆ ಕೇಳಿದರೂ ಆ ಕಹಿ ಸುಲಭಕ್ಕೆ ಹೋಗಲಿಲ್ಲ.

ಇಂಗ್ಲೆಂಡಿನಲ್ಲಿರುವ ಕನ್ನಡಿಗ:
ಇಲ್ಲಿ ಸಣ್ಣ ಹಾಲ್‌ಗಳಲ್ಲಿ ಹೊಸಬರು ತಮ್ಮ ಟಿಕೆಟ್ ತಾವೇ ಮಾರಬೇಕು. ಕೊಳ್ಳೋರು ಜಿಮ್‌ನವರು, ಓಣಿಯವರು, ಕೆಲಸದ ಜಾಗದವರು. ಬೈಗುಳ ಕೇಳಿ ಟಿಕೆಟ್ ತಗೊಂಡವರನ್ನ ನಾನು ನೋಡಿಲ್ಲ. ಬೈದು ಸೋತರೆ ಇನ್ನೂ ಕಷ್ಟ. ಉಕ್ರೇನಿನ ಬಾಕ್ಸರ್‌ಗಳಾದ ಕ್ಲಿಚ್ಕೊ ಸಹೋದರರ ತಲೆ ಕತ್ತರಿಸಿದ ಚಿತ್ರದ ಟೀ ಶರ್ಟ್ ಹಾಕಿ ಮೆರೆದ ಇಲ್ಲಿನ ಬಾಕ್ಸರ್ ಡೇವಿಡ್ ಹೇ, 2011ರಲ್ಲಿ ಹ್ಯಾಂಬರ್ಗ್‌ನಲ್ಲಿ ಅವರಲ್ಲೊಬ್ಬನ ಕೈಲಿ ಸೋತಮೇಲೆ ಕಾಲ್ಬೆರಳು ನೋವು ಅಂತ ತೋರಿಸಿದ. ಜನ ಇನ್ನೂ ಆ ಬೆರಳನ್ನೇ ನೆನಪಿಸ್ತಾರೆ. ನಿಮ್ಮ ತಮ್ಮನಿಗೆ ಒಳ್ಳೆ ಎಂಟ್ರಿ ಹಾಡು ಆರಿಸಿ, ಪ್ಯಾಡ್ ಹೊಡೆಯೋ ವಿಡಿಯೋ ಹಾಕಿ.

ಇನ್ನೊಬ್ಬರು:
ಕಾಂಟ್ರಾಕ್ಟ್ ತೆಗೆದು ಓದಿಸಿ. ಪ್ರೆಸ್ ಮೀಟ್‌ಗೆ ಬರಬೇಕು ಅಂತ ಇರುತ್ತೆ, ಬೈಯಲೇಬೇಕು ಅಂತ ನಾನು ಎಲ್ಲೂ ನೋಡಿಲ್ಲ. ವಿಜೇಂದರ್ ಸಿಂಗ್ 2017ರಲ್ಲಿ ಮುಂಬೈನಲ್ಲಿ ಚೀನಾದ ಬಾಕ್ಸರ್‌ನ ಸೋಲಿಸಿ, ಗಡಿಯಲ್ಲಿ ಗಲಾಟೆ ಬೇಡ, ಗೆದ್ದ ಬೆಲ್ಟ್ ವಾಪಸ್ ಕೊಡ್ತೀನಿ ಅಂದಾಗ ದೇಶವೆಲ್ಲ ಸುದ್ದಿಯಾಯ್ತು. ಪ್ರಮೋಟರ್ ಹತ್ತಿರ ನಿಮ್ಮ ತಮ್ಮ ಒಬ್ಬನೇ ಹೋಗೋದು ಬೇಡ, ಕೋಚನ್ನೂ ಕರ್ಕೊಂಡು ಹೋಗಲಿ.