ಟೋಲ್ಕಿನ್ ಅವರ ಬದುಕು ಮಿಡ್ಲ್‌ಅರ್ತ್ ಲೋಕವನ್ನು ಎಷ್ಟರಮಟ್ಟಿಗೆ ರೂಪಿಸಿತು?

ಪ್ರಶ್ನೆ: ಇಂಗ್ಲಿಷ್ ಲೇಖಕ ಜೆ.ಆರ್.ಆರ್. ಟೋಲ್ಕಿನ್ ‘ದ ಲಾರ್ಡ್ ಆಫ್ ದ ರಿಂಗ್ಸ್’ ಮುಂತಾದ ಕೃತಿಗಳಲ್ಲಿ ಕಟ್ಟಿದ ಕಾಲ್ಪನಿಕ ಮಿಡ್ಲ್‌ಅರ್ತ್ ಲೋಕಕ್ಕೆ ಮೊದಲ ಮಹಾಯುದ್ಧವೇ ಮೂಲವೆಂದು ಹೇಳುವುದು ಸರಿಯೇ?

ಉತ್ತರ 1: ಯುದ್ಧದ ಗುರುತು ಖಂಡಿತ ಇದೆ. ಫ್ರಾನ್ಸಿನಲ್ಲಿ ನಡೆದ 1916ರ ಸೊಮ್ ಕದನದಲ್ಲಿ ಸೇನೆಯ ಸಂದೇಶ ವ್ಯವಸ್ಥೆಯ ಅಧಿಕಾರಿಯಾಗಿದ್ದ ಅವರು ಜ್ವರಪೀಡಿತರಾಗಿ ಇಂಗ್ಲೆಂಡಿಗೆ ಮರಳಿದರು. ಶಾಲಾದಿನಗಳ ಆಪ್ತ ಗೆಳೆಯರಲ್ಲಿ ಇಬ್ಬರು ಅದೇ ವರ್ಷ ಮಡಿದರು. ಅವರ ಕಥೆಯಲ್ಲಿ ಬರುವ, ಸತ್ತವರ ಮುಖಗಳು ನೀರಿನಡಿಯಲ್ಲಿ ಕಾಣುವ ಜೌಗುನೆಲದ ಚಿತ್ರಣವು ಆ ಕದನಾನಂತರದ ಉತ್ತರ ಫ್ರಾನ್ಸಿಗೆ ಕೊಂಚ ಋಣಿಯಾಗಿದೆಯೆಂದು ಅವರೇ ಪತ್ರವೊಂದರಲ್ಲಿ ಬರೆದಿದ್ದಾರೆ.

ಉತ್ತರ 2: ಆದರೂ ಯುದ್ಧವೊಂದೇ ಮೂಲವೆಂಬುದನ್ನು ನಾನು ಒಪ್ಪಲಾರೆ. ತಂದೆಯನ್ನು ಕಳೆದುಕೊಂಡ ಬಾಲಕ ತಾಯಿಯೊಡನೆ ನೆಲೆಸಿದ ಬರ್ಮಿಂಗ್‌ಹ್ಯಾಮ್ ಬಳಿಯ ಸೇರ್‌ಹೋಲ್ ಹಳ್ಳಿ, ಅಲ್ಲಿಯ ಹಿಟ್ಟಿನ ಗಿರಣಿ ಮತ್ತು ಮರಗಳು ಆ ಲೋಕದ ಕುಳ್ಳ ಜನರಾದ ಹಾಬಿಟ್‌ಗಳ ನಾಡಾದ ಶೈರ್‌ಗೆ ಜೀವ ತುಂಬಿದವು.

ಉತ್ತರ 3: ಪತ್ನಿ ಈಡಿತ್ 1917ರಲ್ಲಿ ಕಾಡಿನ ನಡುವೆ ನರ್ತಿಸಿದ ನೆನಪೇ ಆ ಲೋಕದ ರಾಜಕುಮಾರಿ ಲೂಥಿಯೆನ್ ಕಥೆಗೆ ಬೀಜವಾಯಿತು. ಇದಕ್ಕಿಂತಲೂ ಮುಖ್ಯವಾದುದು ಅವರ ಭಾಷಾಪ್ರೇಮ: ಭಾಷೆಗಳನ್ನು ಮೊದಲು ಸೃಷ್ಟಿಸಿ, ಅವುಗಳನ್ನಾಡುವ ಜನರಿಗಾಗಿ ಲೋಕವನ್ನು ಕಟ್ಟಿದೆನೆಂದು ಅವರು ವಿವರಿಸಿದ್ದರು.