ಸಹಾಯ ಬೇಕು: ಟೈಗರ್ ಮಾತ್ ಮಾದರಿಯ ರೆಕ್ಕೆಗೆ ಬಳಿದ ಡೋಪ್ ಬಿಳಿಚಿಕೊಳ್ಳುತ್ತಿದೆ

ಎಲ್ಲರಿಗೂ ನಮಸ್ಕಾರ. 1931ರಲ್ಲಿ ಮೊದಲ ಬಾರಿ ಹಾರಿದ, ಮುಂದೆ ನಮ್ಮ ದೇಶದಲ್ಲೂ ಎಷ್ಟೋ ಪೈಲಟ್‌ಗಳಿಗೆ ಹಾರಾಟ ಕಲಿಸಿದ ಡಿ ಹ್ಯಾವಿಲೆಂಡ್ ಟೈಗರ್ ಮಾತ್ ಎಂಬ ಜೋಡಿರೆಕ್ಕೆಯ ವಿಮಾನದ ರೇಡಿಯೊ ನಿಯಂತ್ರಿತ ಮಾದರಿಯನ್ನು, ಮೂಲದ ನಾಲ್ಕನೇ ಒಂದರ ಅಳತೆಯಲ್ಲಿ, ಮಂಗಳೂರಿನ ನಮ್ಮ ಮನೆಯಲ್ಲಿ ಕಟ್ಟುತ್ತಿದ್ದೇನೆ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 2.2 ಮೀಟರ್ ಇದೆ. ಬಾಲ್ಸಾ ಎಂಬ ಹಗುರ ಮರ ಮತ್ತು ಪ್ಲೈವುಡ್‌ನ ಚೌಕಟ್ಟು ಮುಗಿದಿದೆ.

ಕೆಳಗಿನ ಎಡರೆಕ್ಕೆಗೆ ಪಾಲಿಯೆಸ್ಟರ್ ಬಟ್ಟೆ ಹೊದಿಸಿ, ಇಸ್ತ್ರಿಯಿಂದ ಬಿಗಿಮಾಡಿ, ಬಟ್ಟೆಯ ರಂಧ್ರ ಮುಚ್ಚಿ ಗಟ್ಟಿಮಾಡುವ ನೈಟ್ರೇಟ್ ಡೋಪ್ ಎಂಬ ಮೆರುಗೆಣ್ಣೆ ಬಳಿದೆ. ಅದು ಒಣಗುವಾಗ ಮೈತುಂಬ ಬಿಳಿ ಮಂಜು ಕವಿದಂತಾಯಿತು. ದ್ರಾವಕ ಬೇಗನೆ ಆರಿ ಮೇಲ್ಮೈ ತಣ್ಣಗಾದಾಗ ಮಳೆಗಾಲದ ತೇವ ಅದರ ಮೇಲೆ ಕೂರುವುದೇ ಇದಕ್ಕೆ ಕಾರಣವೆಂದು ಬಲ್ಲೆ. ನಿಧಾನವಾಗಿ ಆರುವ ದ್ರಾವಕವಾದ ರಿಟಾರ್ಡರ್ ಬೆರೆಸಿ ಮತ್ತೊಂದು ತೆಳು ಕೋಟ್ ಕೊಟ್ಟರೆ ಈ ಬಿಳುಪು ಹೋಗುವುದೇ, ಅಥವಾ ಬಟ್ಟೆಯನ್ನೇ ಕಿತ್ತು ಹೊಸದಾಗಿ ಹೊದಿಸಬೇಕೇ? ಕರಾವಳಿಯಲ್ಲಿ ಈ ಕೆಲಸ ಮಾಡಿದವರು ರಿಟಾರ್ಡರ್‌ನ ಪ್ರಮಾಣವನ್ನೂ ದಯವಿಟ್ಟು ತಿಳಿಸಿ.

ಇನ್ನೊಂದು ಪ್ರಶ್ನೆ: ರೆಕ್ಕೆಗಳು ಹಿಂದಕ್ಕೆ ಬಾಗಿದ್ದು, ಮೇಲಿನದು ಕೆಳಗಿನದಕ್ಕಿಂತ ಮುಂದಿರುವುದರಿಂದ, ಗುರುತ್ವಕೇಂದ್ರವನ್ನು ನೀವು ಎಲ್ಲಿಂದ ಅಳೆದಿರಿ? ಮೂತಿ ಗಿಡ್ಡವಾದ್ದರಿಂದ ಸಮತೋಲನಕ್ಕಾಗಿ ಮುಂಭಾಗದಲ್ಲಿ ಎಷ್ಟು ಸೀಸ ಸೇರಿಸಬೇಕಾಯಿತು ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.